ಕೊಳೆರೋಗದ ಕುಲ ಯಾವುದು?

ಆಷಾಢದ ಮಳೆ ಎಡೆಬಿಡದೆ ಹಿಡಿಯಿತೆಂದರೆ ಕುಂದಾಪುರ, ಬೈಂದೂರು ತಾಲೂಕುಗಳ ಘಟ್ಟದಡಿಯ ಅಡಿಕೆ ತೋಟಗಳಲ್ಲಿ ಎಳೆಗಾಯಿ ಉದುರತೊಡಗುತ್ತದೆ. ಅಮಾಸೆಬೈಲಿನಲ್ಲಾಗಲಿ ಕೊಲ್ಲೂರಿನಲ್ಲಾಗಲಿ ಕಾರಣ ಕೇಳಿದರೆ ಬರುವ ಉತ್ತರ ಒಂದೇ: ‘ಫಂಗಸ್’. ಅಂಗಡಿಯವರೂ ಫಂಗಸ್ಸಿನ ಮದ್ದೆಂದು ಒಂದು ಬಾಟಲಿ ಕೊಡುತ್ತಾರೆ. ಸೂಕ್ಷ್ಮಜೀವಿಗಳ ವರ್ಗೀಕರಣವನ್ನು ಕಾಲೇಜಿನ ಪರೀಕ್ಷೆಗೆ ಬಿಟ್ಟುಕೊಟ್ಟದ್ದರ ಬೆಲೆಯನ್ನು ಕೃಷಿಕರು ಇಲ್ಲಿ ತೆರುತ್ತಿದ್ದಾರೆ.

ಕೊಳೆರೋಗವನ್ನು ತರುವ ಫೈಟಾಫ್ತೊರಾ ಶಿಲೀಂಧ್ರವಲ್ಲ. ನೂಲಿನಂತೆ ಹಬ್ಬುವ ಅದರ ರೂಪವನ್ನು ಕಂಡು ಹಿಂದಿನವರು ಅದನ್ನು ಶಿಲೀಂಧ್ರಗಳ ಸಾಲಿಗೆ ಸೇರಿಸಿದ್ದರು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಮಲೆನಾಡಿನ ಕೊಳೆರೋಗದ ಅಧ್ಯಯನವನ್ನು ಪ್ರಕಟಿಸಿದಾಗಲೂ ಅದರ ಸ್ಥಾನ ಅಲ್ಲಿಯೇ ಇತ್ತು. ಕೋಶಭಿತ್ತಿಯನ್ನೂ ವಂಶವಾಹಿಗಳನ್ನೂ ಪರೀಕ್ಷಿಸಿದ ಮೇಲೆ ಆ ತಿಳಿವಳಿಕೆ ಬದಲಾಯಿತು. ಶಿಲೀಂಧ್ರದ ಕೋಶಭಿತ್ತಿಯಲ್ಲಿರುವುದು ಕೈಟಿನ್, ಇದರದ್ದರಲ್ಲಿ ಸೆಲ್ಯುಲೋಸ್. ಇದರ ಬೀಜಕಣಗಳು ಚಾವಟಿಯಂತಹ ಎರಡು ಎಳೆಗಳನ್ನು ಬೀಸುತ್ತ ಕಾಯಿಯ ಮೇಲಿನ ನೀರಿನ ಪೊರೆಯಲ್ಲಿ ಈಜುತ್ತವೆ. ಗಂಗೊಳ್ಳಿಯ ಅಳಿವೆಯಲ್ಲಿ ತೇಲುವ ಡಯಾಟಮ್‌ಗಳು, ಕಡಲಬಂಡೆಗೆ ಅಂಟಿದ ಕಂದು ಪಾಚಿ ಇದರ ನೆಂಟರು. ಅಣಬೆಗಾದರೋ, ಈ ಜೀವಿಗಿಂತ ನಾವೇ ಹತ್ತಿರದವರು!

ಈ ಕುಲಭೇದ ಬಾಟಲಿಯ ಮಟ್ಟಕ್ಕೂ ಇಳಿಯುತ್ತದೆ. ಹೆಕ್ಸಕೊನಜೋಲ್, ಪ್ರೊಪಿಕೊನಜೋಲ್‌ಗಳು ಶಿಲೀಂಧ್ರವು ಎರ್ಗೊಸ್ಟೆರಾಲ್ ಎಂಬ ವಸ್ತುವನ್ನು ತಯಾರಿಸದಂತೆ ತಡೆಯುತ್ತವೆ. ಫೈಟಾಫ್ತೊರಾ ಅದನ್ನು ತಯಾರಿಸುವುದೇ ಇಲ್ಲ, ತಡೆಯುವುದೇನನ್ನು? ಎಲೆಚುಕ್ಕಿ ರೋಗದ ಕೊಲೆಟೋಟ್ರೈಕಮ್ ನಿಜವಾದ ಶಿಲೀಂಧ್ರ. ಅಲ್ಲಿ ಈ ಮದ್ದುಗಳಿಗೆ ಕೆಲಸವುಂಟು. ಕೊಳೆರೋಗಕ್ಕೆ ಬಳಸುವ ಮೆಟಲಾಕ್ಸಿಲ್ ಎಲೆಚುಕ್ಕಿಗೆ ನಿಷ್ಪ್ರಯೋಜಕ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರಿನ ಬೋರ್ಡೋ ದ್ರಾವಣಕ್ಕೆ ಮಾತ್ರ ಇಂತಹ ಭೇದವಿಲ್ಲ. ಆದರೆ ಅದರ ತಾಮ್ರ ಕರಗಿ ಹೋಗುವಂಥದ್ದಲ್ಲ, ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಸೇರುತ್ತಲೇ ಇರುತ್ತದೆ. ಆದ್ದರಿಂದ ಅದನ್ನೂ ಲೆಕ್ಕವಿಲ್ಲದೆ ಸಿಂಪಡಿಸುವುದು ಸಲ್ಲದು.

ತಪ್ಪು ಮದ್ದಿಗೆ ಸುರಿದ ಹಣಕ್ಕಿಂತ, ಮಳೆ ಬಿಟ್ಟ ಒಂದೆರಡು ದಿನ ವ್ಯರ್ಥವಾದದ್ದೇ ದೊಡ್ಡ ನಷ್ಟ. ಜಾರುವ ಮರವನ್ನು ಜೀವದ ಹಂಗು ತೊರೆದು ಏರಿದವನ ಶ್ರಮವೂ ಅದರೊಂದಿಗೆ ಹೋಯಿತು. ತರಗೆಲೆಯನ್ನು ಗೊಬ್ಬರವಾಗಿಸುವ ನೆಲದ ಶಿಲೀಂಧ್ರಗಳು ಮಾಡದ ತಪ್ಪಿಗೆ ಏಟು ತಿನ್ನುತ್ತವೆ.

ಮದ್ದಿನ ಚೀಟಿಯ ಮೇಲೆ ಅದು ಯಾವ ಗುಂಪಿನ ಜೀವಿಗೆ ಎಂಬುದನ್ನು ಕನ್ನಡದಲ್ಲಿ, ಓದುವಷ್ಟು ದಪ್ಪ ಅಕ್ಷರದಲ್ಲಿ ಮುದ್ರಿಸಬೇಕೆಂದು ನಾವು ಒತ್ತಾಯಿಸಬೇಕು. ಸಂಶಯವಿದ್ದಲ್ಲಿ ಸಿಂಪಡಣೆಗೆ ಮೊದಲು ಕಾಯಿಯನ್ನೂ ಎಲೆಯನ್ನೂ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದ ತಜ್ಞರಿಗೆ ತೋರಿಸುವುದು ಲೇಸು. ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ಕೊಳೆತ ಕಾಯಿಯ ಬಿಳಿ ಬೂಷ್ಟನ್ನು ಕಾಲೇಜಿನ ಸೂಕ್ಷ್ಮದರ್ಶಕದಡಿ ಇಟ್ಟು ನೋಡಲಿ. ನಿಂಬೆಯಾಕಾರದ ಬೀಜಚೀಲಗಳು ಕಂಡರೆ ಆ ಸುದ್ದಿಯನ್ನು ತೋಟದವರಿಗೆ ಅಂದೇ ಮುಟ್ಟಿಸಲಿ.