ಆಸ್ಪತ್ರೆ ಬಿಲ್ಲಿನಲ್ಲಿ ಅನ್ನವೂ ಇದೆ, ಕನ್ನಡವೂ ಇದೆ!



ಬೆಂಗಳೂರಿನಲ್ಲಿ ರಾತ್ರಿಯಿಡೀ ಕೂತು ಅಮೆರಿಕದ ಆಸ್ಪತ್ರೆಗಳ ಬಿಲ್ಲು ಬರೆಯುವ ನಮ್ಮ ಹುಡುಗರಿದ್ದಾರೆ. ಹೊಸಪೇಟೆ, ಕಂಪ್ಲಿಯ ನರ್ಸಿಂಗ್ ಹೋಂಗಳಿಗೂ ಆ ಕೆಲಸ ಬೇಕು. ಮಾಡುವವರು ಯಾರು?

ನಾನು ಬುಕ್ಕಸಾಗರದವನು, ಪಿಯುಸಿ ಓದಿ ಪ್ರೆಸ್ ಇಟ್ಟವನು. ಆಸ್ಪತ್ರೆಗಳಿಗೆ ಬಿಲ್ ಪುಸ್ತಕ ಅಚ್ಚು ಹಾಕಿದ್ದೇನೆ. ಒಮ್ಮೆ, ದಿನಾ ಕನ್ನಡ ಪತ್ರಿಕೆ ಓದುವ ನಮ್ಮವ್ವ ತನ್ನ ಬಿಲ್ಲು ಹಿಡಿದು, "ಯಾತಕ್ಕೆ ಎಷ್ಟು ಹಿಡಿದಾರಪ್ಪ?" ಎಂದಳು. ನಾನೇ ಅಚ್ಚು ಹಾಕಿದ ಇಂಗ್ಲಿಷ್ ಹಾಳೆ ಅದು! ನಾಚಿಕೆಯಾಯಿತು.

ಆದರೆ ಡಾಕ್ಟರ ಮುಂದೆ ಘೋಷಣೆ ಕೂಗಿದರೆ ಕೆಲಸ ಸಿಗದು. ಅವರ ಚಿಂತೆ ಬೇರೆ. ಡಿಸ್ಚಾರ್ಜ್ ಸಮರಿ, ಲ್ಯಾಬ್ ವರದಿ, ಬಿಲ್ಲು ಒಂದಕ್ಕೊಂದು ತಾಳೆಯಾಗದಿದ್ದರೆ ವಿಮೆ ಹಣ ನಿಲ್ಲುತ್ತದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲೂ ಆಸ್ಪತ್ರೆ ಕ್ಲೇಮು ಹಾಕಿಯೇ ಹಣ ಪಡೆಯಬೇಕು.

ರೋಗಿಗಳ ಸಾಲು ಕರಗಿದ ಮೇಲೆ ಹೋಗಿ. "ಸಾರ್, ನಿಂತಿರುವ ನಾಲ್ಕು ಕ್ಲೇಮು ಕೊಡಿ, ಸರಿಮಾಡಿ ತೋರಿಸ್ತೀವಿ" ಅನ್ನಿ. ರೋಗಿಯ ಗುಟ್ಟು ಹೊರಬೀಳದೆಂದು ಬರೆದುಕೊಡಿ. ತಿಂಗಳಿಗಿಷ್ಟೆಂದು ಕೇಳಿ, ಪರ್ಸೆಂಟ್ ಬೇಡ, ಬಿಲ್ಲು ಉಬ್ಬಿಸುವ ಆಸೆ ಹುಟ್ಟುತ್ತದೆ.

ಹಣ ಬಂದ ದಿನ ಎರಡನೇ ಮಾತು ತೆಗೆಯಿರಿ: ವಿಮೆಗೆ ಇಂಗ್ಲಿಷ್ ಹೋಗಲಿ, ರೋಗಿಯ ಕೈಗೆ ಕನ್ನಡದ ಬಿಲ್ಲು ಬರಲಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ದರಪಟ್ಟಿ ರೋಗಿಗೆ ಸಿಗಬೇಕು. ಓದಲಾಗದ ಪಟ್ಟಿ ಸಿಕ್ಕರೇನು, ಬಿಟ್ಟರೇನು?

ಊರಲ್ಲೇ ದುಡಿಯಿರಿ. ಅವ್ವ ಓದಬಲ್ಲ ಬಿಲ್ಲು ಬರೆಯಿರಿ. ಅಚ್ಚು ಹಾಕಲು ನಾನಿದ್ದೇನೆ!