ಹೃದಯಕ್ಕೆ ಒಂದು ಅಂಗುಲ

೧೯೮೬ನೆಯ ಇಸವಿ ಏಪ್ರಿಲ್ ತಿಂಗಳ ೧೧ರ ಬೆಳಗ್ಗೆ ಅಮೆರಿಕೆಯ ಮಯಾಮಿ ನಗರದ ಹೊರವಲಯದಲ್ಲಿ ಎಂಟು ಮಂದಿ ಅಧಿಕಾರಿಗಳು ಇಬ್ಬರು ದರೋಡೆಗಾರರ ಕಾರನ್ನು ಅಡ್ಡಗಟ್ಟಿದರು. ಅಧಿಕಾರಿಗಳು ಎಫ್.ಬಿ.ಐ. ಎಂಬ ಕೇಂದ್ರ ತನಿಖಾ ಸಂಸ್ಥೆಗೆ ಸೇರಿದವರು. ದರೋಡೆಗಾರರಾದರೋ ಬ್ಯಾಂಕುಗಳನ್ನೂ ಹಣ ಸಾಗಿಸುವ ವಾಹನಗಳನ್ನೂ ದೋಚಿ ಹೆಸರಾದವರು. ಮುಂದಿನ ಐದು ನಿಮಿಷಗಳೊಳಗೆ ನೂರ ನಲವತ್ತಕ್ಕೂ ಹೆಚ್ಚು ಗುಂಡುಗಳು ಹಾರಿದವು. ಹೊಗೆ ಕರಗಿದಾಗ ದರೋಡೆಗಾರರಿಬ್ಬರೂ ಸತ್ತಿದ್ದರು. ಬೆನ್ ಗ್ರೋಗನ್, ಜೆರಿ ಡವ್ ಎಂಬ ಅಧಿಕಾರಿಗಳೂ ಸತ್ತಿದ್ದರು. ಮತ್ತೆ ಐವರು ಗಾಯಗೊಂಡು ಬಿದ್ದಿದ್ದರು.

ಶವಪರೀಕ್ಷೆಯಲ್ಲಿ ಒಂದು ಗುಂಡು ಎಲ್ಲರ ಗಮನವನ್ನೂ ಸೆಳೆಯಿತು. ಅದು ಡವ್ ತನ್ನ ಒಂಬತ್ತು ಮಿಲಿಮೀಟರಿನ ಪಿಸ್ತೂಲಿನಿಂದ ಹಾರಿಸಿದ್ದು. ಕಾರಿನ ಕಿಟಕಿಯಿಂದ ಹೊರಕ್ಕೆ ನುಸುಳುತ್ತಿದ್ದ ದರೋಡೆಗಾರನ ಬಲತೋಳನ್ನು ಭೇದಿಸಿ, ಪಕ್ಕೆಯೊಳಗೆ ನುಗ್ಗಿ, ಪುಪ್ಪುಸವನ್ನು ಹರಿದು, ಹೃದಯಕ್ಕೆ ಸುಮಾರು ಒಂದು ಅಂಗುಲ ದೂರದಲ್ಲಿ ಅದು ನಿಂತುಬಿಟ್ಟಿತ್ತು. ಬದುಕಲಾಗದ ಗಾಯವೇ ಅದು. ಆದರೆ ಸಾಯುವುದಕ್ಕೆ ಮುನ್ನ ಆತನಿಗೆ ಕೆಲವು ನಿಮಿಷಗಳು ಉಳಿದಿದ್ದವು. ಡವ್ ಮತ್ತು ಗ್ರೋಗನ್ ಸತ್ತದ್ದು ಆ ನಿಮಿಷಗಳಲ್ಲಿ.

ಆ ಒಂದು ಅಂಗುಲದಿಂದ ಹುಟ್ಟಿದ ಚರ್ಚೆ ಮೂವತ್ತು ವರ್ಷ ನಡೆಯಿತು. ಸೋತ ಕಾಳಗಕ್ಕೆ ಯಾರನ್ನಾದರೂ ಹೊಣೆ ಮಾಡಲೇಬೇಕಲ್ಲವೇ? ಕಾರುಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಕೆಲವರ ಕೈಗೆ ಪಿಸ್ತೂಲೇ ಸಿಗದೆ ಹೋದುದು, ಎದುರಾಳಿಯ ಕೈಯಲ್ಲಿ ರೈಫಲ್ ಇದ್ದುದು, ಇವೆಲ್ಲ ಗೊತ್ತಿದ್ದ ಸಂಗತಿಗಳೇ. ಆದರೂ ಹೆಚ್ಚಿನ ತಪ್ಪನ್ನು ಗುಂಡಿನ ಮೇಲೆ ಹೊರಿಸಿದರು. ಗುಂಡು ಎದುರು ಮಾತನಾಡುವುದಿಲ್ಲ. ನಿಜವಾಗಿ ಅದು ತನ್ನನ್ನು ರೂಪಿಸಿದವರು ಹೇಳಿದಂತೆಯೇ ನಡೆದುಕೊಂಡಿತ್ತು: ಬೇಗ ಅರಳಿತ್ತು, ಬೇಗ ನಿಂತಿತ್ತು.

ಹಾಗಾದರೆ ಗುಂಡು ಎಷ್ಟು ಆಳಕ್ಕೆ ಹೋಗಬೇಕು? ಸಂಸ್ಥೆಯು ೧೯೮೭ರಲ್ಲಿ ವೈದ್ಯರನ್ನೂ ಶಸ್ತ್ರ ಬಲ್ಲವರನ್ನೂ ಕ್ವಾಂಟಿಕೋ ಎಂಬಲ್ಲಿ ಕೂಡಿಸಿ ಕೇಳಿದ ಪ್ರಶ್ನೆ ಇದು. ಹತ್ತು ಪಾಲು ಜೆಲಟಿನ್, ತೊಂಬತ್ತು ಪಾಲು ನೀರು ಕೂಡಿಸಿ ನಾಲ್ಕು ಡಿಗ್ರಿಯಲ್ಲಿ ತಣ್ಣಗಾಗಿಸಿದ ಗಟ್ಟಿಯೊಂದನ್ನು ಮಾಂಸದ ಬದಲಿಗೆ ಇಟ್ಟು ಪರೀಕ್ಷೆ ನಡೆಸಲಾಯಿತು. ಗುಂಡು ಅದರಲ್ಲಿ ಹನ್ನೆರಡು ಅಂಗುಲವಾದರೂ ಇಳಿಯಬೇಕೆಂದು ನಿಯಮವಾಯಿತು. ದಪ್ಪ ಬಟ್ಟೆ, ಹಲಗೆ, ತಗಡು, ಕಾರಿನ ಮುಂಗನ್ನಡಿ ಇವುಗಳನ್ನು ದಾಟಿಯೂ ಇಳಿಯಬೇಕು. ಮನುಷ್ಯನ ಎದೆ ಅಷ್ಟು ದಪ್ಪವಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನೇರವಾಗಿ ಎದುರು ನಿಂತವನ ವಿಷಯದಲ್ಲಿ ಅದು ನಿಜವೇ. ಆದರೆ ಪಕ್ಕಕ್ಕೆ ತಿರುಗಿ, ತೋಳನ್ನು ಅಡ್ಡ ಮಾಡಿಕೊಂಡವನ ಹೃದಯ ದೂರದಲ್ಲಿರುತ್ತದೆ. ಮಯಾಮಿಯ ಗುಂಡಿಗೆ ಎದುರಾದದ್ದು ಇಂಥ ದೇಹ.

ಇದೇ ಕಾಲಕ್ಕೆ ಹತ್ತು ಮಿಲಿಮೀಟರಿನ ತೋಟಾ ಒಂದು ಕಣ್ಣಿಗೆ ಬಿದ್ದಿತು. ಅಮೆರಿಕೆಯ ಮೆರೀನ್ ಪಡೆಯಲ್ಲಿದ್ದು ಬಳಿಕ ಪಿಸ್ತೂಲು ವಿದ್ಯೆಯ ಗುರುವಾದ ಜೆಫ್ ಕೂಪರನ ಪ್ರೇರಣೆಯಿಂದ ಸ್ವೀಡನ್ನಿನ ನಾರ್ಮಾ ಕಂಪೆನಿಯವರು ೧೯೮೩ರಲ್ಲಿ ಹೊರತಂದದ್ದು ಅದು. ಹದಿಮೂರು ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು ೩೬೬ ಮೀಟರ್ ವೇಗದಲ್ಲಿ ಹೊರಡುತ್ತಿತ್ತು. ಅದರ ಶಕ್ತಿ ಸುಮಾರು ೮೬೮ ಜೂಲ್. ಅಮೆರಿಕೆಯ ಸೈನ್ಯವು ೧೯೧೧ರಿಂದ ನೆಚ್ಚಿಕೊಂಡಿದ್ದ ಪಾಯಿಂಟ್ ನಲವತ್ತೈದರ ತೋಟಾಕ್ಕೆ ಇದ್ದುದು ೫೦೦ ಜೂಲ್ ಮಾತ್ರ. ಆದರೆ ಹೊಸ ತೋಟಾಕ್ಕೆಂದೇ ಹುಟ್ಟಿದ ಬ್ರೆನ್ ಟೆನ್ ಎಂಬ ಪಿಸ್ತೂಲಿನ ಗತಿ ಕರುಣಾಜನಕ. ಎಷ್ಟೋ ಗಿರಾಕಿಗಳಿಗೆ ಪಿಸ್ತೂಲು ತಲಪಿತು, ತೋಟಾ ತುಂಬುವ ಮ್ಯಾಗಜೀನು ತಲಪಲಿಲ್ಲ! ಸುಮಾರು ಒಂದೂವರೆ ಸಾವಿರ ಪಿಸ್ತೂಲು ತಯಾರಾಗುವಷ್ಟರಲ್ಲಿ, ೧೯೮೬ರಲ್ಲಿ ಕಂಪೆನಿ ದಿವಾಳಿಯೆದ್ದಿತು. ತೋಟಾ ಮಾತ್ರ ಉಳಿಯಿತು. ೧೯೮೭ರಲ್ಲಿ ಕೋಲ್ಟ್ ಕಂಪೆನಿಯವರು ಅದಕ್ಕೊಂದು ಪಿಸ್ತೂಲು ಮಾಡಿದ್ದರಿಂದ ಅದಕ್ಕೆ ಪುನರ್ಜನ್ಮ ದೊರೆಯಿತು.

ಎಫ್.ಬಿ.ಐ.ನವರು ಅದನ್ನು ಪರೀಕ್ಷಿಸಿದಾಗ ಒಂದು ಸೋಜಿಗ ಕಂಡುಬಂದಿತು. ಮದ್ದನ್ನು ಕಡಿಮೆ ಮಾಡಿ, ೧೧.೭ ಗ್ರಾಂ ಗುಂಡನ್ನು ಸೆಕೆಂಡಿಗೆ ಸುಮಾರು ೨೯೦ ಮೀಟರ್ ವೇಗದಲ್ಲಿ ಹಾರಿಸಿದರೂ ಬೇಕಾದ ಆಳ ಸಿಗುತ್ತಿತ್ತು. ಕೈಗೆ ಬೀಳುವ ಒದೆತವೂ ಬಹಳ ತಗ್ಗುತ್ತಿತ್ತು. ಪೂರ್ಣಶಕ್ತಿಯ ತೋಟಾವನ್ನು ತಡೆಯಲಾರದೆ ಅಧಿಕಾರಿಗಳು ಕೈಚೆಲ್ಲಿದರೆಂಬ ಕಥೆ ಜನಪ್ರಿಯವಾಗಿದ್ದರೂ ಮದ್ದು ತಗ್ಗಿಸುವ ನಿರ್ಧಾರ ಪರೀಕ್ಷೆಯ ಮನೆಯಲ್ಲಿಯೇ ಆದದ್ದು. ಹೀಗೆ ೮೬೮ ಜೂಲ್‌ನ ತೋಟಾ ೪೯೦ಕ್ಕೆ ಇಳಿಯಿತು. ಎಂದರೆ ಹಳೆಯ ನಲವತ್ತೈದರ ಮಟ್ಟಕ್ಕೇ ಬಂದು ನಿಂತಿತು!

ಇಷ್ಟೇ ಮದ್ದು ಸಾಕಾದರೆ ಇಷ್ಟು ಉದ್ದದ ಹಿತ್ತಾಳೆಯ ಕೊಳವೆ ಏತಕ್ಕೆ? ಸ್ಮಿತ್ ಅಂಡ್ ವೆಸನ್, ವಿಂಚೆಸ್ಟರ್ ಕಂಪೆನಿಗಳು ಈ ಪ್ರಶ್ನೆಯನ್ನು ಕೇಳಿಕೊಂಡು, ೨೫ ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಉದ್ದವಿದ್ದ ಕೊಳವೆಯನ್ನು ೨೧.೬ಕ್ಕೆ ಕತ್ತರಿಸಿ, ೧೯೯೦ರ ಜನವರಿಯಲ್ಲಿ ಪಾಯಿಂಟ್ ನಲವತ್ತು ಎಂಬ ಹೊಸ ತೋಟಾವನ್ನು ಮಾರುಕಟ್ಟೆಗೆ ಬಿಟ್ಟರು. ಚಿಕ್ಕ ತೋಟಾ, ಚಿಕ್ಕ ಹಿಡಿ, ಚಿಕ್ಕ ಕೈಗಳಿಗೂ ಅನುಕೂಲ. ಪೋಲೀಸ್ ಇಲಾಖೆಗಳು ಅದಕ್ಕೆ ಮುಗಿಬಿದ್ದವು. ಆ ಬಳಿಕ ಗುಂಡು ಮಾಡುವ ಕಲೆಯೂ ಬೆಳೆಯಿತು. ೨೦೧೪ರ ಹೊತ್ತಿಗೆ ಎಫ್.ಬಿ.ಐ. ಮತ್ತೆ ಲೆಕ್ಕ ಹಾಕಿ ನೋಡಿದಾಗ, ಒಂಬತ್ತು ಮಿಲಿಮೀಟರಿನ ಹೊಸ ಗುಂಡುಗಳೇ ಹನ್ನೆರಡು ಅಂಗುಲದ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿದ್ದವು. ಕಾಳಗದ ಗಡಿಬಿಡಿಯಲ್ಲಿ ಪೋಲೀಸರು ಹಾರಿಸುವ ಹತ್ತು ಗುಂಡುಗಳಲ್ಲಿ ಏಳೆಂಟು ಗುರಿ ತಪ್ಪುತ್ತವೆಂಬುದನ್ನೂ ಸಂಸ್ಥೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತು. ಗುರಿ ತಪ್ಪಿದ ಗುಂಡಿಗೆ ಎಷ್ಟು ಜೂಲ್ ಇದ್ದರೇನು? ಒದೆತ ಕಡಿಮೆಯಿದ್ದ ಒಂಬತ್ತರಿಂದ ಹೆಚ್ಚು ಮಂದಿ ಬೇಗನೆಯೂ ನೆಟ್ಟಗೆಯೂ ಹೊಡೆಯುತ್ತಿದ್ದರು. ಡವ್ ಹಿಡಿದಿದ್ದ ಅಳತೆಗೇ ಸಂಸ್ಥೆ ಮರಳಿತು.

ಪೂರ್ಣಶಕ್ತಿಯ ಹತ್ತು ಮಿಲಿಮೀಟರ್ ಇಂದು ಬೇರೆ ಕಡೆ ಬಾಳುತ್ತಿದೆ. ಗ್ರೀನ್‌ಲೆಂಡಿನ ಹಿಮದಲ್ಲಿ ನಾಯಿಬಂಡಿ ಓಡಿಸಿಕೊಂಡು ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ದಳದವರು ಹಿಮಕರಡಿಯ ಭಯಕ್ಕಾಗಿ ಅದರ ಗ್ಲಾಕ್ ಪಿಸ್ತೂಲನ್ನು ಕಟ್ಟಿಕೊಳ್ಳುತ್ತಾರೆ. ಅಲಾಸ್ಕದ ಹೊಳೆಗಳಲ್ಲಿ ಮೀನು ಹಿಡಿಯುವವರ ಸೊಂಟದಲ್ಲಿಯೂ ಅದನ್ನು ಕಾಣಬಹುದು. ಗುಂಡಿನ ಆಯ್ಕೆ ನಿಜವಾಗಿ ಕಠಿಣವಾಗುವುದು ಇಂಥವರಿಗೆ. ಮೂತಿಯಲ್ಲಿ ಕುಳಿಯುಳ್ಳ ಗುಂಡು ದೇಹದೊಳಗೆ ಹೂವಿನಂತೆ ಅರಳಿ ಅಗಲವಾಗುತ್ತದೆ. ಅಗಲವಾದಷ್ಟೂ ಬೇಗ ನಿಲ್ಲುತ್ತದೆ. ಮನೆಯಲ್ಲಿ ಕಳ್ಳನ ಭಯವಿದ್ದವನಿಗೆ ಬೇಕಾದದ್ದು ಅದೇ, ಗೋಡೆಯಾಚೆ ಮಲಗಿರುವ ಮಗುವನ್ನು ಅವನು ಮರೆಯುವಂತಿಲ್ಲ. ಕರಡಿಯ ವಿಷಯ ಹಾಗಲ್ಲ. ಕೊಬ್ಬು, ಸ್ನಾಯು, ದಪ್ಪ ಮೂಳೆ ಇವನ್ನೆಲ್ಲ ದಾಟಬೇಕಾದರೆ ಅರಳದ ಗುಂಡೇ ಬೇಕು. ಅದಕ್ಕೆಂದೇ ಗಡಸು ಸೀಸದ, ಚಪ್ಪಟೆ ಮೂತಿಯ ಗುಂಡುಗಳಿವೆ. ಆದರೆ ಬರಿಯ ಸೀಸದ ಗುಂಡನ್ನು ತಮ್ಮ ನಳಿಗೆಯಲ್ಲಿ ಹಾರಿಸಬೇಡಿರೆಂದು ಗ್ಲಾಕ್ ತಯಾರಕರೇ ಎಚ್ಚರಿಸಿರುವುದರಿಂದ, ತಾಮ್ರದ ಗಟ್ಟಿಗುಂಡನ್ನು ಆರಿಸುವವರೂ ಉಂಟು.

ಅರಳುವ ಗುಂಡಿನ ಹಳೆಯ ಹೆಸರು ಭಾರತಕ್ಕೆ ಹೊಸದಲ್ಲ. ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯಲ್ಲಿ ೧೮೯೦ರ ದಶಕದಲ್ಲಿ ತಯಾರಾದ ಇಂಥ ಗುಂಡು ಊರಿನ ಹೆಸರಿನಿಂದಲೇ ಲೋಕವಿಖ್ಯಾತವಾಯಿತು, ಅಥವಾ ಕುಖ್ಯಾತವೆನ್ನಬೇಕು. ೧೮೯೯ರ ಹೇಗ್ ಸಮ್ಮೇಳನವು ಯುದ್ಧದಲ್ಲಿ ಅದನ್ನು ಬಳಸಕೂಡದೆಂದು ಘೋಷಿಸಿತು. ಶತ್ರುಸೈನಿಕನ ಮೇಲೆ ಹಾರಿಸಬಾರದೆಂದ ಗುಂಡಿನ ಸಂತತಿಯೇ ಇಂದು ಅನೇಕ ದೇಶಗಳ ಪೋಲೀಸರ ಮ್ಯಾಗಜೀನುಗಳಲ್ಲಿ ಕುಳಿತಿದೆ. ಜನಸಂದಣಿಯ ಬೀದಿಯಲ್ಲಿ ಒಬ್ಬನನ್ನು ಹೊಕ್ಕ ಗುಂಡು ಹಿಂದಿನವನನ್ನು ತಾಗಬಾರದೆಂಬುದು ಅವರು ಕೊಡುವ ಕಾರಣ. ಸಮಾಧಾನಕರವಲ್ಲದಿದ್ದರೂ ತಳ್ಳಿಹಾಕುವಂಥದೂ ಅಲ್ಲ.

ತೋಟಾ ಯಾವುದೇ ಆಗಲಿ, ಹಾರಿಸುವುದು ಕೈ. ಅರೆ ಸ್ವಯಂಚಾಲಿತ ಪಿಸ್ತೂಲಿನಲ್ಲಿ ಒದೆತದ ಶಕ್ತಿಯೇ ಮೇಲಿನ ಭಾಗವನ್ನು ಹಿಂದಕ್ಕೆ ತಳ್ಳಿ, ಖಾಲಿ ಕೊಳವೆಯನ್ನು ಹೊರಗೆಸೆಯುತ್ತದೆ. ಮರಳಿ ಬರುವಾಗ ಹೊಸ ತೋಟಾವನ್ನು ನಳಿಗೆಗೆ ಏರಿಸುತ್ತದೆ. ಮಣಿಕಟ್ಟು ಸಡಿಲವಾಗಿದ್ದರೆ ಆ ಶಕ್ತಿ ಪೋಲಾಗಿ ತೋಟಾ ನಡುವೆಯೇ ಸಿಕ್ಕಿಕೊಳ್ಳುವುದುಂಟು. ಆದಕಾರಣ ಎರಡೂ ಕೈಗಳಿಂದ, ಹಿಡಿಯ ಮೇಲ್ಭಾಗಕ್ಕೆ ಒತ್ತಿ ಬಿಗಿಯಾಗಿ ಹಿಡಿಯಬೇಕು. ಕಿವಿಗೆ ರಕ್ಷೆ ಬೇಕೇ ಬೇಕು. ಅಗಲ ಒಂದೇ ಆದುದರಿಂದ ಪಾಯಿಂಟ್ ನಲವತ್ತರ ಗಿಡ್ಡ ತೋಟಾ ಹತ್ತರ ಪಿಸ್ತೂಲಿನೊಳಗೆ ಇಳಿದೀತು, ಹಾಗೆಂದು ಹಾರಿಸಲಾಗದು.

ಇವೆಲ್ಲಕ್ಕಿಂತ ದೊಡ್ಡ ಶತ್ರು ಬೆಚ್ಚುವಿಕೆ. ನಾಲ್ಕಾರು ಸಲ ಒದೆತ ತಿಂದ ಕೈ, ಕುದುರೆ ಎಳೆಯುವ ಕ್ಷಣದಲ್ಲಿಯೇ ಮುಂದಿನ ಒದೆತವನ್ನು ನಿರೀಕ್ಷಿಸಿ ಪಿಸ್ತೂಲನ್ನು ಕೆಳಕ್ಕೆ ಅದುಮುತ್ತದೆ. ಗುಂಡು ಗುರಿಯ ಬುಡಕ್ಕೆ ಬೀಳುತ್ತದೆ. ಹಾರಿಸುವವನು ತನ್ನ ಕೈಯನ್ನು ಸಂಶಯಿಸುವುದಿಲ್ಲ, ತೋಟಾವನ್ನು ಬಯ್ಯುತ್ತಾನೆ, ಬೇರೆ ತಯಾರಕರ ಪೆಟ್ಟಿಗೆ ಕೊಳ್ಳುತ್ತಾನೆ. ಇದಕ್ಕೆ ಶಿಕ್ಷಕರು ಬಹುಕಾಲದಿಂದ ಬಳಸುತ್ತ ಬಂದ ಉಪಾಯ ಸರಳವಾದುದು. ಮ್ಯಾಗಜೀನಿನಲ್ಲಿ ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಒಂದೆರಡು ಪೊಳ್ಳು ತೋಟಾಗಳನ್ನು ಶಿಷ್ಯನಿಗೆ ತಿಳಿಯದಂತೆ ಸೇರಿಸಿಡುತ್ತಾರೆ. ಒಂದು ಸಿಡಿಯುತ್ತದೆ, ಎರಡನೆಯದು ಸಿಡಿಯುತ್ತದೆ. ಮೂರನೆಯದಕ್ಕೆ ಬರಿಯ ‘ಟಕ್’ ಎಂಬ ಸದ್ದು. ಗುಂಡು ಹಾರಲಿಲ್ಲ, ಒದೆತ ಬರಲಿಲ್ಲ. ಆದರೂ ಪಿಸ್ತೂಲಿನ ಮೂತಿ ಒಂದು ಅಂಗುಲ ಕೆಳಕ್ಕೆ ಕುಸಿದಿರುವುದು ಸುತ್ತ ನಿಂತವರಿಗೆಲ್ಲ ಕಾಣುತ್ತದೆ. ಶಿಷ್ಯನಿಗೂ ಕಾಣುತ್ತದೆ. ಶಿಕ್ಷಕನು ಏನನ್ನೂ ಹೇಳದೆ ಮ್ಯಾಗಜೀನನ್ನು ಈಸಿಕೊಂಡು, ಬೆನ್ನು ತಿರುಗಿಸಿ ಮತ್ತೆ ತುಂಬತೊಡಗುತ್ತಾನೆ.