ಕಾವಲು ಯಾವುದಕ್ಕೆ?

2003ರ ಏಪ್ರಿಲ್‌ನಲ್ಲಿ ಬಾಗ್ದಾದ್ ಅಮೆರಿಕದ ವಶವಾಯಿತು. ಕೂಡಲೇ ತೈಲ ಸಚಿವಾಲಯಕ್ಕೆ ಸೈನಿಕರ ಕಾವಲು ಬಿತ್ತು. ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಮಾತ್ರ ಲೂಟಿಯ ಆ ದಿನಗಳಲ್ಲಿ ಕಾವಲಿರಲಿಲ್ಲ. ಮನುಷ್ಯ ಮೊತ್ತಮೊದಲು ಬರೆಯಲು ಕಲಿತ ನೆಲಗಳಲ್ಲೊಂದರ ಸುಮಾರು 15,000 ವಸ್ತುಗಳು ಕಳ್ಳರ ಪಾಲಾದವು. ಸಮೂಹನಾಶಕ ಅಸ್ತ್ರಗಳನ್ನು ಹುಡುಕಿ ಬಂದವರಿಗೆ ಅವು ಸಿಗಲೇ ಇಲ್ಲ. ಅವರು ಬಂದದ್ದೇಕೆಂಬುದನ್ನು ಅವರು ಕಾಯ್ದ ಬಾಗಿಲೇ ಹೇಳಿತು.

ಆದರೆ ಅಮೆರಿಕವನ್ನು ಶಪಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. 1988ರಲ್ಲಿ ಹಲಬ್ಜಾದ ಕುರ್ದರ ಮೇಲೆ ವಿಷಾನಿಲ ಸುರಿಸಿದ್ದು ಸದ್ದಾಂನ ಸೇನೆ. 2015ರಲ್ಲಿ ಮೊಸುಲ್‌ನ ವಸ್ತುಸಂಗ್ರಹಾಲಯದಲ್ಲಿ ಶಿಲ್ಪಗಳನ್ನು ಸುತ್ತಿಗೆಯಿಂದ ಒಡೆದವರು ಇಸ್ಲಾಮಿನ ಹೆಸರನ್ನೇ ಹೇಳಿದರು. ಆಗ ನಮ್ಮಲ್ಲಿ ಎಷ್ಟು ಮಂದಿ ಬೀದಿಗಿಳಿದೆವು? ಪರರ ಜುಲುಮನ್ನು ಖಂಡಿಸುವ ನಾಲಿಗೆ ನಮ್ಮವರ ಜುಲುಮಿನ ಮುಂದೆ ಮೂಕವಾದರೆ, ಅದು ನ್ಯಾಯದ ನಾಲಿಗೆಯಲ್ಲ.